ಹೊಳೆ ದಂಡೆಯ ಜೀರಿಗೆ ಅಪ್ಪೆ ಮರ: ಈ ಮಳೆಗಾಲದಲ್ಲೇ ಕಸಿ ಕಟ್ಟಬೇಕು, ದಾರಿ ಹೇಳಿ

ಹೊಳೆಬದಿ
ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರ ತಾಲೂಕು. ಅಘನಾಶಿನಿ ದಂಡೆಯಲ್ಲಿ ನಮ್ಮದೊಂದು ಹಳೇ ಅಪ್ಪೆ ಮರ ಇದೆ, ಅದೇ ಉಪ್ಪಿನಕಾಯಿಗೆ ಹಾಕುವ ಮಿಡಿ ಮಾವಿನದು. ಯಾರೂ ನೆಟ್ಟಿದ್ದಲ್ಲ, ತಾನಾಗಿ ಹುಟ್ಟಿದ್ದು. ಮಿಡಿಯ ತೊಟ್ಟು ಮುರಿದರೆ ಸಾಕು, ಜೀರಿಗೆ ಪರಿಮಳ ಬರುತ್ತದೆ. ಉಪ್ಪಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಮೆತ್ತಗಾಗುವುದಿಲ್ಲ. ನೆಂಟರೆಲ್ಲ ಈ ಮರದ ಮಿಡಿಗೇ ಕಾಯುತ್ತಾರೆ.

ಈಗ ಹೊಳೆ ದಂಡೆಯನ್ನು ಕೊರೆಯುತ್ತಾ ಬುಡಕ್ಕೇ ಬಂದಿದೆ. ಒಂದು ಬದಿಯ ಬೇರುಗಳೆಲ್ಲ ಹೊರಗೆ ಕಾಣುತ್ತಿವೆ. ಮರ ನೀರಿನ ಕಡೆ ವಾಲಿದೆ. ಮೃಗಶಿರ ಮಳೆ ಇನ್ನೇನು ಹಿಡಿಯುತ್ತದೆ. ಪುಷ್ಯ ಮಳೆಯ ನೆರೆಗೆ ಮರ ನಿಲ್ಲುತ್ತದೆ ಅನ್ನುವ ಧೈರ್ಯ ನನಗಿಲ್ಲ. ಓಟೆ (ಮಾವಿನ ಗೊರಟೆ) ಹಾಕಿ ಸಸಿ ಮಾಡಿದರೆ ಸಾಕಾ, ಕಸಿಯೇ ಆಗಬೇಕಾ? ಕಸಿ ಆದರೆ ಕಡ್ಡಿ (ಕಸಿಗೆ ಕೂರಿಸುವ ಕುಡಿ) ಯಾವಾಗ ಕೊಯ್ಯಬೇಕು? ಮರ ತುಂಬಾ ಎತ್ತರ, ಮೇಲೆ ಹತ್ತುವವರು ಸಿಗುವುದೇ ಕಷ್ಟ. ದಯವಿಟ್ಟು ವಿವರವಾಗಿ ಹೇಳಿ.

ತಾರಸಿ ಗಿಡ
ಅಕ್ಕ, ನನಗೆ ಮಲೆನಾಡಿನ ಅನುಭವ ಇಲ್ಲ. ಆದರೆ ಓಟೆಯಿಂದ ಹುಟ್ಟಿದ ಸಸಿಯೂ ತಾಯಿಯ ಗುಣವನ್ನೇ ತರುತ್ತದೆ ಅಂತ ಕೆಲವರು ಹೇಳುತ್ತಾರಲ್ಲ? ನಮ್ಮ ಬೆಂಗಳೂರಿನ ಮನೆ ಹತ್ತಿರ ಒಬ್ಬರು ರಸಪುರಿ ಓಟೆ ಹಾಕಿ ಬೆಳೆಸಿದ್ದಾರೆ, ಹಣ್ಣು ಚೆನ್ನಾಗಿಯೇ ಇದೆ.

ಸಸ್ಯಶಾಸ್ತ್ರ ಮೇಷ್ಟ್ರು
ಚೆನ್ನಾಗಿರಬಹುದು, ಆದರೆ ಅದು ರಸಪುರಿ ಅಲ್ಲ. ರಸಪುರಿ ತಾಯಿಗೆ ಹುಟ್ಟಿದ ಬೇರೊಂದು ಮರ.

ಮಾವಿನ ಹೂವಿಗೆ ಪರಾಗ ತರುವುದು ಹೆಚ್ಚಾಗಿ ನೊಣಗಳು, ಸ್ವಲ್ಪ ಮಟ್ಟಿಗೆ ಜೇನು. ಅವು ಯಾವ ಮರದಿಂದ ತಂದವೋ ಯಾರಿಗೆ ಗೊತ್ತು? ಹಾಗಾಗಿ ಒಂದೇ ಮರದ ನೂರು ಓಟೆ ಹಾಕಿದರೆ ನೂರು ಬೇರೆ ಬೇರೆ ಮರ ಆಗುತ್ತವೆ. ತಂದೆ ತಾಯಿ ಯಾವುವು ಅಂತ ಗೊತ್ತಿದ್ದರೂ ಹೀಗೆಯೇ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನೀಲಂಗೆ ದಶೇರಿ ಸೇರಿಸಿದಾಗ ಮಲ್ಲಿಕಾ ಬಂತು. ದಶೇರಿಗೆ ನೀಲಂ ಸೇರಿಸಿದಾಗ ಆಮ್ರಪಾಲಿ ಬಂತು. ಎರಡಕ್ಕೂ ಇರುವುದು ಅದೇ ಇಬ್ಬರು. ಆದರೂ ಮಲ್ಲಿಕಾ ದಪ್ಪ ಹಣ್ಣಿನ ಮರ, ಆಮ್ರಪಾಲಿ ಸಣ್ಣ ಹಣ್ಣಿನ ಕುಳ್ಳ ಮರ.

ಬಾದಾಮಿ ಅಥವಾ ಆಪೂಸ್ ಅಂತ ನಾವು ತಿನ್ನುವುದು ಯಾವುದೋ ಕಾಲದ ಒಂದೇ ಮರದ ಹಣ್ಣು. ರತ್ನಗಿರಿಯಲ್ಲಿರಲಿ, ಧಾರವಾಡದಲ್ಲಿರಲಿ, ರಾಮನಗರದಲ್ಲಿರಲಿ, ಕಸಿಯಿಂದ ಕಸಿಗೆ ದಾಟುತ್ತಾ ಬಂದ ಅದೇ ಮರ. ಗೋವಾದ ಪೋರ್ಚುಗೀಸರು ಮಾವಿಗೆ ಕಸಿ ಕಟ್ಟುವುದನ್ನು ಬೆಳೆಸದಿದ್ದರೆ ಅಲ್ಫಾನ್ಸೊ ಇವತ್ತು ಇರುತ್ತಿರಲಿಲ್ಲ.

ಹೊಳೆಬದಿಯವರ ಮರವೂ ಹಾಗೆಯೇ. ಅದೊಂದೇ ಮರ, ಅದೇ ಒಂದು ತಳಿ. ಬಿದ್ದರೆ ಆ ಜೀರಿಗೆ ಪರಿಮಳ ಇನ್ನೆಲ್ಲೂ ಸಿಗುವುದಿಲ್ಲ. ಓಟೆ ಹಾಕಿ, ತಪ್ಪಿಲ್ಲ. ಆದರೆ ಮರ ಉಳಿಯಬೇಕು ಅಂದರೆ ಕಸಿಯೇ ಆಗಬೇಕು.

ಮಿಡಿ ಭರಣಿ
ಮೇಷ್ಟ್ರ ಮಾತಿಗೆ ನನ್ನ ಕಹಿ ಅನುಭವವೊಂದನ್ನು ಸೇರಿಸುತ್ತೇನೆ. ಒಂದು ನರ್ಸರಿಯಿಂದ "ಅಪ್ಪೆಮಿಡಿ ಕಸಿ" ಅಂತ ಗಿಡ ತಂದು ನೆಟ್ಟೆವು. ನೀರು, ಗೊಬ್ಬರ ಎಲ್ಲ ಕಾಲಕಾಲಕ್ಕೆ ಕೊಟ್ಟೆವು. ಮಿಡಿ ಬಿಟ್ಟಾಗ ನೋಡಿದರೆ ಪರಿಮಳವೇ ಇಲ್ಲ, ಬರೀ ಹುಳಿ. ಯಾವ ಮರದ ಕಡ್ಡಿ ಅಂತ ಕೇಳಿದರೆ ಅವರ ಹತ್ತಿರ ಉತ್ತರವೇ ಇರಲಿಲ್ಲ. ಅಪ್ಪೆ ಅನ್ನುವುದು ಒಂದು ತಳಿಯ ಹೆಸರಲ್ಲ ಅಲ್ವಾ? ಅನಂತಭಟ್ಟನ ಅಪ್ಪೆ ಬೇರೆ, ಮಾಳಂಜಿ ಬೇರೆ, ಕರ್ಪೂರದ ವಾಸನೆಯದು ಬೇರೆ, ಜೀರಿಗೆಯದು ಬೇರೆ. ಯಾವ ಮರದ್ದು ಅಂತ ಹೇಳದೆ ಮಾರುವ ಕಸಿಗೆ ಅರ್ಥವೇ ಇಲ್ಲ. ವರ್ಷಗಳು ಕಳೆದ ಮೇಲೆ ಗೊತ್ತಾಗುವ ಮೋಸ ಇದು, ಅದಕ್ಕೇ ಜಾಸ್ತಿ ನೋವು. ಅಕ್ಕ, ನಿಮ್ಮ ಮರದ ಕಡ್ಡಿಯನ್ನು ನಿಮ್ಮ ಕಣ್ಣೆದುರೇ ಕಟ್ಟಿಸಿ.

ಕಸಿಕತ್ತಿ
ಹೊಳೆಬದಿ ಅಕ್ಕ, ಹೆದರಬೇಡಿ. ಸಮಯ ಇದೆ, ಆದರೆ ಈ ವಾರವೇ ಕೆಲಸ ಶುರು ಮಾಡಬೇಕು. ನಾನು ಸಾಗರದ ಕಡೆಯವನು, ಅಪ್ಪೆ ಕಸಿಯನ್ನೇ ಹೆಚ್ಚಾಗಿ ಕಟ್ಟುವುದು. ನಿಮ್ಮ ಸ್ಥಿತಿಗೆ ಓಟೆ ಕಸಿ ಒಳ್ಳೆಯದು, ಅಂದರೆ ಈಗಷ್ಟೇ ಮೊಳೆತ ಓಟೆಯ ಸಸಿಗೆ ಕಡ್ಡಿ ಕೂರಿಸುವುದು. ಕೊಂಕಣದಲ್ಲಿ, ದಾಪೋಲಿಯ ಕೃಷಿ ವಿದ್ಯಾಪೀಠದವರು ಇದನ್ನು ಚೆನ್ನಾಗಿ ಬೆಳೆಸಿದ್ದಾರೆ. ನಮ್ಮ ಮಳೆಗಾಲಕ್ಕೂ ಸರಿಯಾಗಿ ಹೊಂದುತ್ತದೆ.

ಮೊದಲು ಓಟೆ. ಕಾಟು ಮಾವಿನ (ಕಾಡು ಮಾವಿನ) ಹಣ್ಣು ಈಗ ಬೀಳುತ್ತಿರುತ್ತದೆ. ಹೊಸ ಓಟೆಯೇ ಬೇಕು. ಮಾವಿನ ಬೀಜ ಒಣಗಿದರೆ ಸಾಯುತ್ತದೆ. ಹಣ್ಣಿನಿಂದ ತೆಗೆದು ನಾಲ್ಕೈದು ವಾರ ಕಳೆದರೆ ಮೊಳಕೆಯ ಆಸೆ ಬಿಡಬೇಕು. ತಿರುಳು ತೊಳೆದು ನೀರಿಗೆ ಹಾಕಿ, ತೇಲುವುದನ್ನು ಎಸೆಯಿರಿ. ಮೇಲಿನ ಗಟ್ಟಿ ಚಿಪ್ಪನ್ನು ಹುಷಾರಾಗಿ ಬಿಡಿಸಿದರೆ ಇನ್ನೂ ಒಳ್ಳೆಯದು. ಬೇಗ ಮೊಳೆಯುತ್ತದೆ, ಒಳಗೆ ಓಟೆ ಹುಳ ಇದ್ದರೆ ಆಗಲೇ ಕಾಣುತ್ತದೆ. ಮರಳು ಪಾತಿಯಲ್ಲಿ ಉಬ್ಬಿದ ಬೆನ್ನು ಮೇಲೆ ಬರುವಂತೆ ಊರಿ.

ಮೊಳಕೆ ಎದ್ದ ಮೇಲೆ ಎಲೆ ತಾಮ್ರದ ಬಣ್ಣದಲ್ಲಿರುತ್ತದೆ. ಆ ಬಣ್ಣ ಹೋಗಿ ಹಸಿರಾಗುವ ಮೊದಲೇ ಕಸಿ ಕಟ್ಟಬೇಕು. ಮೊಳೆತು ಹತ್ತು, ಹದಿನೈದು ದಿನದ ಸಸಿ ಸರಿ. ನಿಮ್ಮ ಲೆಕ್ಕಕ್ಕೆ ಅದು ಆರಿದ್ರಾ ಮಳೆಯ ಕೊನೆ, ಇಲ್ಲವೇ ಪುನರ್ವಸುವಿನ ಶುರು. ಅಂದರೆ ಪುಷ್ಯಕ್ಕೆ ಮೊದಲೇ ನಿಮ್ಮ ಮರದ ಕುಡಿ ಕೊಟ್ಟೆಯೊಳಗೆ, ಅಂದರೆ ಸಸಿ ನೆಡುವ ಪ್ಲಾಸ್ಟಿಕ್ ಚೀಲದೊಳಗೆ, ಇರುತ್ತದೆ.

ಈಗ ಕಡ್ಡಿ. ಇದೇ ಮುಖ್ಯ. ಈ ವರ್ಷ ಹೂ ಬಿಡದ ಕುಡಿ ಹುಡುಕಿ. ಮೂರು ನಾಲ್ಕು ತಿಂಗಳು ಬಲಿತಿರಬೇಕು, ಬಿಸಿಲು ಬೀಳುವ ಕಡೆಯದಾಗಿರಬೇಕು. ಓಟೆ ಕಸಿಗೆ ಸಸಿಯ ಕಾಂಡದಷ್ಟೇ ದಪ್ಪ ಇದ್ದರೆ ಚೆಂದ. ಕಸಿ ಕಟ್ಟುವ ಎಂಟು ಹತ್ತು ದಿನ ಮೊದಲು ಆ ಕುಡಿಯ ಎಲೆಗಳನ್ನು ಕತ್ತರಿಸಬೇಕು. ಎಲೆಯ ತೊಟ್ಟು ಮಾತ್ರ ಹಾಗೇ ಬಿಡಿ. ತೊಟ್ಟು ತಾನಾಗಿ ಉದುರುವ ಹೊತ್ತಿಗೆ ತುದಿಯ ಮೊಗ್ಗು ಉಬ್ಬಿರುತ್ತದೆ. ಆಗ ಕಡ್ಡಿ ಕೊಯ್ದರೆ ಚಿಗುರುವ ಶಕ್ತಿ ಪೂರ್ತಿ ಇರುತ್ತದೆ. ಎಲೆ ತೆಗೆಯದೆ ನೇರ ತಂದ ಕಡ್ಡಿ ಕೊಟ್ಟೆಯಲ್ಲಿ ಒಣಗುವುದೇ ಜಾಸ್ತಿ.

ಹೊಳೆಬದಿ
ತುಂಬಾ ಉಪಕಾರ ಆಯಿತು ಅಣ್ಣ. ಆದರೆ ಎರಡು ಸಲ ಹತ್ತಬೇಕಾಯಿತಲ್ಲ! ಎಲೆ ತೆಗೆಯಲು ಒಮ್ಮೆ, ಕಡ್ಡಿಗೆ ಒಮ್ಮೆ. ಮಳೆ ಶುರುವಾದರೆ ಕೊಂಬೆ ಜಾರುತ್ತದೆ, ಮರ ಬೇರೆ ವಾಲಿದೆ. ಬುಡದಲ್ಲಿ ಕಾಂಡದಿಂದಲೇ ಒಂದಿಷ್ಟು ಹೊಸ ಚಿಗುರು ಬಂದಿವೆ. ಕೈಗೆ ಸಿಗುತ್ತವೆ. ಅವನ್ನೇ ಬಳಸಿದರೆ ಆಗುವುದಿಲ್ಲವಾ?

ಸಸ್ಯಶಾಸ್ತ್ರ ಮೇಷ್ಟ್ರು
ಮರ ಅದೇ, ಪರಿಮಳವೂ ಅದೇ ಬರುತ್ತದೆ. ಆದರೆ ಫಲ ತಡವಾಗುತ್ತದೆ. ಓಟೆಯಿಂದ ಎದ್ದ ಮರದ ಬುಡ ಎಳೆಯ ಸ್ವಭಾವವನ್ನೇ ಉಳಿಸಿಕೊಂಡಿರುತ್ತದೆ. ಅಲ್ಲಿಂದ ಬಂದ ಚಿಗುರು ಸಸಿಯ ಹಾಗೇ ವರ್ತಿಸುತ್ತದೆ, ಹೂ ಬಿಡಲು ಕಾಯಿಸುತ್ತದೆ. ಮೇಲಿನ ಕೊಂಬೆಗಳು ಈಗಾಗಲೇ ಹೂ ಬಿಟ್ಟು ಪಳಗಿದವು. ಅವುಗಳ ಕುಡಿಯಿಂದ ಕಟ್ಟಿದ ಗಿಡ ನಾಲ್ಕೈದು ವರ್ಷಕ್ಕೆ ಮಿಡಿ ಕೊಡಬಹುದು.

ಮೇಲಿನದು ಸಿಗದೇ ಹೋದರೆ ಬುಡದ ಚಿಗುರನ್ನೂ ಕಟ್ಟಿ. ತಡವಾಗಿಯಾದರೂ ತಳಿ ಉಳಿಯುತ್ತದೆ.

ಕಸಿಕತ್ತಿ
ಮೇಷ್ಟ್ರು ಹೇಳಿದ್ದು ಸರಿ. ಮರ ಹತ್ತುವ ವಿಷಯದಲ್ಲಿ ಹಟ ಮಾಡಬೇಡಿ ಅಕ್ಕ. ವಾಲಿದ ಮರ, ಒದ್ದೆ ಕೊಂಬೆ, ಕೆಳಗೆ ಹೊಳೆ. ಮಳೆ ಜೋರಾಗುವ ಮೊದಲೇ ಅನುಭವ ಇದ್ದವರನ್ನು ಹಗ್ಗ ಕಟ್ಟಿಸಿಯೇ ಹತ್ತಿಸಿ. ಇಲ್ಲವಾದರೆ ಉದ್ದದ ದೋಟಿಗೆ ಹರಿತ ಕತ್ತಿ ಕಟ್ಟಿ ದಡದ ಕಡೆಯ ಕೊಂಬೆಯಿಂದ ಎಳೆಯಬಹುದು. ಎಲೆ ಮೊದಲೇ ತೆಗೆಯಲು ಆಗದಿದ್ದರೆ ಕಡ್ಡಿ ಕೊಯ್ದ ತಕ್ಷಣ ಎಲೆ ಕತ್ತರಿಸಿ, ತುದಿ ಮೊಗ್ಗು ಉಬ್ಬಿರುವುದನ್ನೇ ಆರಿಸಿ. ಹಿಡಿಯುವುದು ಕಡಿಮೆ ಆಗುತ್ತದೆ. ಅದಕ್ಕೆ ಜಾಸ್ತಿ ಕಟ್ಟಬೇಕು, ಅಷ್ಟೇ.

ಒಂದು ಮಾತು ಒತ್ತಿ ಹೇಳುತ್ತೇನೆ. ಕಡ್ಡಿಗಾಗಿ ಕೊಂಬೆಗಳನ್ನೇ ಕಡಿದು ಕೆಳಗೆ ಹಾಕಿಸಬೇಡಿ. ಮಿಡಿ ವ್ಯಾಪಾರಕ್ಕೆ ಹೀಗೆ ಕೊಂಬೆ ಸಮೇತ ಕಡಿದು ಎಷ್ಟೋ ಹೊಳೆ ದಂಡೆಯ ಅಪ್ಪೆ ಮರಗಳು ಹಾಳಾಗಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕರಾವಳಿ ಮಾವು
ಓಟೆ ವಿಷಯದಲ್ಲಿ ನಮ್ಮ ಕಡೆಯ ಒಂದು ಅನುಕೂಲ ಹೇಳುತ್ತೇನೆ ಮಾರಾಯ್ರೆ. ನಮ್ಮ ದಕ್ಷಿಣ ಕನ್ನಡದಲ್ಲಿ ನೆಕ್ಕರೆ ಅಂತ ಒಂದು ಮಾವು ಇದೆ. ಅದರ ಒಂದು ಓಟೆಯಿಂದ ಒಂದಕ್ಕಿಂತ ಜಾಸ್ತಿ ಮೊಳಕೆ ಏಳುತ್ತದೆ. ಕೇರಳದ ಓಲೂರು, ಕುರುಕ್ಕನ್, ಚಂದ್ರಕಾರನ್ ಕೂಡ ಹೀಗೆಯೇ. ಇಂಥ ಓಟೆಯ ಸಸಿಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧ ಇಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಅದಕ್ಕೆ ಒಂದೇ ಸಮ ಬೆಳೆಯುತ್ತವೆ. ಬೇರು ಗಿಡಕ್ಕೆ, ಅಂದರೆ ಕಡ್ಡಿ ಕೂರಿಸುವ ಕೆಳಗಿನ ಸಸಿಗೆ, ಇದು ಒಳ್ಳೆಯದು.

ಬೇರು ಗಿಡ ಅಂದರೆ ಸುಮ್ನೆ ಒಂದು ಊರುಗೋಲು ಅಂತ ತಿಳಿಯಬೇಡಿ. ಮರದ ಎತ್ತರದ ಮೇಲೂ ಅದರ ಕೈವಾಡ ಇರುತ್ತದೆ. ವೆಲ್ಲೈಕೊಲಂಬನ್ ಬೇರಿನ ಮೇಲೆ ಕಟ್ಟಿದ ಆಪೂಸ್ ಕುಳ್ಳಗೆ ಉಳಿಯುತ್ತದೆ. ಇಸ್ರೇಲಿನವರು ಸುಣ್ಣ, ಉಪ್ಪು ಇರುವ ಮಣ್ಣಿಗೇ ಅಂತ 13-1 ಅನ್ನುವ ಬೇರು ಗಿಡ ಆರಿಸಿಕೊಂಡಿದ್ದಾರೆ.

ಕಸಿಕತ್ತಿ
ನೆಕ್ಕರೆ ಓಟೆ ಸಿಕ್ಕರೆ ಖಂಡಿತ ಬಳಸಿ. ಆದರೆ ಅದಕ್ಕಾಗಿ ಕಾಯಬೇಡಿ. ಊರಿನ ಕಾಟು ಮಾವು ನಿಮ್ಮ ಮಣ್ಣು, ನಿಮ್ಮ ಮಳೆ ಎರಡನ್ನೂ ತಡೆದುಕೊಂಡಿದೆ. ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಕಟ್ಟುವ ವಿಧಾನವನ್ನೂ ಬರೆದುಬಿಡುತ್ತೇನೆ. ಸಸಿಯನ್ನು ಓಟೆ ಕಳಚದ ಹಾಗೆ ಪಾತಿಯಿಂದ ಎತ್ತಿ. ಬೇರು, ಓಟೆ ಎರಡನ್ನೂ ಶಿಲೀಂಧ್ರನಾಶಕದ ನೀರಿನಲ್ಲಿ ಅದ್ದಿ. ಓಟೆಗಿಂತ ಮೂರು ಬೆರಳು ಮೇಲೆ ತಲೆ ಕತ್ತರಿಸಿ, ನಡುವೆ ಮೂರು ನಾಲ್ಕು ಸೆಂಟಿಮೀಟರ್ ನೇರ ಸೀಳಿ. ಕಡ್ಡಿಯ ಬುಡವನ್ನು ಎರಡೂ ಬದಿ ಹೆರೆದು ಬೆಣೆ ಮಾಡಿ. ಬೆಣೆಯ ಮೈ ಒಂದೇ ಎಳೆತದಲ್ಲಿ ನುಣ್ಣಗೆ ಬರಬೇಕು. ಕತ್ತಿ ಹರಿತ ಇಲ್ಲದಿದ್ದರೆ ಕೆಲಸಕ್ಕೆ ಕೂರಲೇಬೇಡಿ. ಹೆರೆದ ಜಾಗ ಮುಟ್ಟಬೇಡಿ, ಸೊನೆ ಒಣಗಲು ಬಿಡಬೇಡಿ, ತಕ್ಷಣ ಸೀಳಿನೊಳಗೆ ಇಳಿಸಿ. ತೊಗಟೆಗೂ ಕಟ್ಟಿಗೆಗೂ ನಡುವೆ ತೆಳ್ಳಗೆ ಒಂದು ಹಸಿ ಪದರ ಇದೆಯಲ್ಲ, ಬೆಸೆಯುವುದು ಅಲ್ಲೇ. ಸಸಿಯ ಪದರಕ್ಕೆ ಕಡ್ಡಿಯ ಪದರ ತಾಗಬೇಕು. ದಪ್ಪ ಹೊಂದದಿದ್ದರೆ ಒಂದು ಬದಿಯಾದರೂ ಸರಿಯಾಗಿ ಕೂಡಿಸಿ, ನಡುವೆ ಇಡಬೇಡಿ.

ಪ್ಲಾಸ್ಟಿಕ್ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ಕೊಟ್ಟೆಯಲ್ಲಿ ನೆಟ್ಟು, ಕಡ್ಡಿಗೆ ಪೆಪ್ಸಿ ಐಸ್ ತುಂಬುವ ಉದ್ದನೆಯ ಕವರನ್ನು ಟೊಪ್ಪಿಯಂತೆ ಹಾಕಿ ಕೆಳಗೆ ಕಟ್ಟಿ. ಒಳಗೆ ತೇವ ನಿಲ್ಲುತ್ತದೆ, ಮಳೆ ನೀರು ಜೋಡಿಗೆ ಇಳಿಯುವುದಿಲ್ಲ. ಎರಡು ಮೂರು ವಾರದಲ್ಲಿ ಚಿಗುರಿದರೆ ಸಂಜೆ ಹೊತ್ತು ಟೊಪ್ಪಿ ತೆಗೆಯಿರಿ. ಮಲೆನಾಡಿನಲ್ಲಿ ನೆರಳಿಗಿಂತ ಸೂರು ಮುಖ್ಯ. ಜಡಿಮಳೆಗೆ ಕೊಟ್ಟೆಗಳನ್ನು ಒಡ್ಡಿದರೆ ಕೊಳೆತು ಹೋಗುತ್ತವೆ. ಬೆಳಕು ಬೀಳುವ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಇಡಿ.

ಬಯಲುಸೀಮೆ ತೋಟ
ನಮ್ಮದು ಶ್ರೀನಿವಾಸಪುರ. ನಮ್ಮಲ್ಲಿ ಮಳೆ ಇಷ್ಟಿಲ್ಲ, ಹಾಗಾಗಿ ಕಸಿಯ ದಾರಿಯೂ ಬೇರೆ. ಆದರೂ ಅಕ್ಕನಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ನಿಮ್ಮ ತೋಟದಲ್ಲಿ ಬೆಳೆದು ನಿಂತ ಬೇರೆ ಮಾವಿನ ಮರ ಇದೆಯಾ? ಇದ್ದರೆ ಅದರ ಮೇಲೂ ನಿಮ್ಮ ಅಪ್ಪೆಯನ್ನು ಕೂರಿಸಬಹುದು.

ನಮ್ಮಲ್ಲಿ ತೋತಾಪುರಿ ತೋಟಗಳು ಹೆಚ್ಚು. ಅದರ ಬೆಲೆ ತಿರುಳಿನ ಫ್ಯಾಕ್ಟರಿಗಳ ಮೇಲೆ ನಿಂತಿದೆ. ಅವರು ಕೈ ಬಿಟ್ಟ ವರ್ಷ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ. ಹಾಗಂತ ಹಳೇ ಮರ ಕಡಿದು ಹೊಸದು ನೆಡಲು ಮನಸ್ಸು ಬರುತ್ತದಾ? ನಾವು ತಲೆ ಬದಲಿಸುತ್ತೇವೆ. ಕೊಯ್ಲು ಮುಗಿದ ಮೇಲೆ ದಪ್ಪ ಕೊಂಬೆಗಳನ್ನು ಕತ್ತರಿಸಿ, ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚುತ್ತೇವೆ. ಒಂದೆರಡು ಕೊಂಬೆ ಹಾಗೇ ಬಿಡಬೇಕು, ಮರಕ್ಕೆ ಉಸಿರು ಬೇಕಲ್ಲ. ಕತ್ತರಿಸಿದ ಕಡೆ ಚಿಗುರು ಗುಂಪಾಗಿ ಏಳುತ್ತವೆ. ಗಟ್ಟಿಯಾದ ನಾಲ್ಕೈದು ಬಿಟ್ಟು ಉಳಿದವನ್ನು ತೆಗೆಯುತ್ತೇವೆ. ಆ ಚಿಗುರು ಮೆತ್ತಗಿರುವಾಗಲೇ, ಗಾಳಿಯಲ್ಲಿ ತೇವ ಇರುವ ಹೊತ್ತು ನೋಡಿ, ಬಾದಾಮಿಯೋ ಕೇಸರೋ ಇಮಾಮ್ ಪಸಂದೋ ಕಟ್ಟುತ್ತೇವೆ. ಬೇರು ಹಳೇದು, ಆಳಕ್ಕೆ ಇಳಿದಿರುತ್ತದೆ. ಎರಡು ಮೂರು ವರ್ಷಕ್ಕೆ ಹೊಸ ತಳಿಯ ಹಣ್ಣು ಕಾಣಬಹುದು.

ಇದರಲ್ಲಿ ಕಾಂಡ ಕೊರಕದ ಭಯ ಇದೆ. ಕತ್ತರಿಸಿದ ಮರಕ್ಕೆ ಅದು ಬೇಗ ಬೀಳುತ್ತದೆ. ಬುಡದಲ್ಲಿ ಮರದ ಹುಡಿ ಉದುರಿದೆಯಾ ಅಂತ ಆಗಾಗ ನೋಡುತ್ತಿರಬೇಕು. ಕಸಿ ಬೆಳೆದ ಮೇಲೂ ಕೆಳಗಿನಿಂದ ತೋತಾಪುರಿ ಚಿಗುರು ಬರುತ್ತಲೇ ಇರುತ್ತದೆ. ಬಿಟ್ಟರೆ ಅದೇ ಮೇಲಾಗುತ್ತದೆ.

ತಾರಸಿ ಗಿಡ
ಒಂದೇ ಮರಕ್ಕೆ ಹಲವು ತಳಿ ಕಟ್ಟುವುದೂ ಹೀಗೆಯೇನಾ ಸರ್? ಲಖನೌ ಹತ್ತಿರದ ಮಲಿಹಾಬಾದಿನ ಕಲೀಮುಲ್ಲಾ ಖಾನ್ ಒಂದೇ ಮರದಲ್ಲಿ 300ಕ್ಕೂ ಹೆಚ್ಚು ತಳಿ ಬೆಳೆಸಿದ್ದಾರೆ ಅಂತ ಓದಿದ್ದೆ. 2008ರಲ್ಲಿ ಪದ್ಮಶ್ರೀ ಬಂದಿದೆ ಅವರಿಗೆ. ನನ್ನ ದೊಡ್ಡ ಕುಂಡದಲ್ಲಿ ಆಮ್ರಪಾಲಿ ಇದೆ. ಅದಕ್ಕೆ ಸೇಂದೂರ, ತೋತಾಪುರಿ ಎರಡನ್ನೂ ಸೇರಿಸುವ ಆಸೆ.

ಬಯಲುಸೀಮೆ ತೋಟ
ಕಟ್ಟಬಹುದು, ಹಿಡಿಯುತ್ತದೆ. ಆದರೆ ಆಮ್ರಪಾಲಿ ನಿಧಾನ ಬೆಳೆಯುವ ಗಿಡ, ಎರಡೂವರೆ ಮೀಟರ್ ಅಂತರದಲ್ಲಿ ನೆಡುವಂಥದ್ದು. ತೋತಾಪುರಿ ಜೋರು. ಸವರುತ್ತಾ ಇರದಿದ್ದರೆ ಆಮ್ರಪಾಲಿ ಕೊಂಬೆಗೆ ಬಿಸಿಲೇ ಸಿಗುವುದಿಲ್ಲ. ಕುಂಡಕ್ಕೆ ತೋತಾಪುರಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಲವು ತಳಿ ಒಟ್ಟಿಗೆ ಇದ್ದರೆ ಒಂದು ಲಾಭವೂ ಇದೆ. ದಶೇರಿ, ಲಂಗ್ಡಾ, ಚೌಸಾದಂಥವು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಪಕ್ಕದಲ್ಲಿ ಬೇರೆ ತಳಿಯ ಹೂ ಬೇಕು. ಆದರೆ ಉತ್ತರದಿಂದ ಕಡ್ಡಿ ತರಿಸುವವರು ನೋಡಿ ತರಿಸಿ. ಅಲ್ಲಿ ಹೂತೆನೆ ಮುದ್ದೆಯಾಗುವ ರೋಗ ಹೆಚ್ಚು. ರೋಗದ ಮರದ ಕಡ್ಡಿ ತಂದರೆ ರೋಗವೂ ಜೊತೆಗೇ ಬರುತ್ತದೆ.

ಅಂಕೋಲೆ ಇಶಾಡು
ನಮ್ಮ ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಸಿಕ್ಕಿತು. ಅಪ್ಪೆಮಿಡಿಗೆ ಅದಕ್ಕಿಂತ ಮೊದಲೇ ಸಿಕ್ಕಿದೆ. ಸಂತೋಷ. ಆದರೆ ಕಾಗದ ಮರವನ್ನು ಕಾಯುವುದಿಲ್ಲ. ಕರಿ ಇಶಾಡಿನ ಒಳ್ಳೇ ಹಳೇ ಮರಗಳಿಂದಲೂ ಕಡ್ಡಿ ತೆಗೆದು ಹಂಚಬೇಕು. ಅಕ್ಕ, ನಿಮ್ಮ ಕಸಿಗಳನ್ನೆಲ್ಲ ಒಂದೇ ತೋಟದಲ್ಲಿ ಇಟ್ಟುಕೊಳ್ಳಬೇಡಿ. ಹೊಳೆಯಿಂದ ದೂರದ ಎರಡು ಮೂರು ಮನೆಗೆ ಕೊಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅಪ್ಪೆ ತಳಿಗಳನ್ನು ಸಂಗ್ರಹಿಸಿ ಬೆಳೆಸುತ್ತಿದ್ದಾರೆ. ಅವರಿಗೂ ಒಂದು ಪತ್ರ ಬರೆಯಿರಿ.

ಮಿಡಿ ಭರಣಿ
ಹೌದು, ಜೊತೆಗೆ ಪ್ರತಿ ಕೊಟ್ಟೆಗೂ ಚೀಟಿ ಕಟ್ಟಿ. ಮರದ ಹೆಸರು, ಊರು, ಕಟ್ಟಿದ ವರ್ಷ. ಹೆಸರಿಲ್ಲದಿದ್ದರೆ ಈಗಲೇ ಒಂದು ಇಡಿ. ಅನಂತಭಟ್ಟನ ಅಪ್ಪೆಗೆ ಹೆಸರಿದೆ, ಅದಕ್ಕೇ ಜನ ಹುಡುಕಿಕೊಂಡು ಹೋಗುತ್ತಾರೆ. ನನಗೂ ಒಂದು ಗಿಡ ಕೊಡುತ್ತೀರಾ?

ಹೊಳೆಬದಿ
ಖಂಡಿತ ಕೊಡುತ್ತೇನೆ. ಇವತ್ತು ಕಾಟು ಮಾವಿನ ಓಟೆ ಆರಿಸಿ ತಂದೆವು. ಮನೆಯವರು ಮರಳು ಪಾತಿ ಮಾಡುತ್ತಿದ್ದಾರೆ. ಪಕ್ಕದ ಊರಿನಲ್ಲಿ ಅಡಿಕೆ ಕೊನೆ ಕೊಯ್ಯುವವರೊಬ್ಬರು ಹಗ್ಗ ಕಟ್ಟಿ ಹತ್ತಲು ಒಪ್ಪಿದ್ದಾರೆ. ದಡದ ಕಡೆಯ ಕೊಂಬೆಯಲ್ಲಿ ಹೂ ಬಿಡದ ಕುಡಿಗಳು ಇವೆಯಂತೆ. ಕೊಟ್ಟಿಗೆ ಹಿಂದೆ ತಾನಾಗಿ ಹುಟ್ಟಿದ ಹುಳಿ ಮಾವಿನ ಮರವೂ ಇದೆ, ಅದರ ಒಂದು ಕೊಂಬೆ ಕತ್ತರಿಸಿ ಚಿಗುರು ಬರಿಸುತ್ತೇವೆ. ಚಿಗುರಿದ ಮೇಲೆ ಕಡ್ಡಿಗೆ ಹೊಳೆ ಮರ ಇರುತ್ತದೋ ಇಲ್ಲವೋ, ಆಗ ಕೊಟ್ಟೆಯ ಗಿಡದಿಂದ ಕಡ್ಡಿ ತೆಗೆಯಬಹುದಾ? ಇನ್ನೊಂದು, ದೂರದವರಿಗೆ ಕಡ್ಡಿಯನ್ನೇ ಕಳಿಸುವುದಾದರೆ ಹೇಗೆ?

ಕಸಿಕತ್ತಿ
ಕೊಟ್ಟೆಯ ಗಿಡದಿಂದ ತೆಗೆಯಬಹುದು, ಆದರೆ ಮೊದಲ ವರ್ಷವೇ ಬೇಡ. ಒಂದೆರಡು ಸುತ್ತು ಚಿಗುರಿ ಬಲಿಯಲಿ. ಹೊಳೆ ಮರ ಈ ಮಳೆಗಾಲ ದಾಟಿದರೆ ಹುಳಿ ಮರಕ್ಕೆ ಅದರಿಂದಲೇ ತನ್ನಿ.

ಕಳಿಸುವ ಕಡ್ಡಿಗೆ ಎಲೆ ಇರಬಾರದು. ಎರಡೂ ತುದಿಗೆ ಮೇಣ ಮುಟ್ಟಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಹಸಿ ಬಾಳೆ ಪಟ್ಟೆ, ಅದರ ಮೇಲೆ ಪ್ಲಾಸ್ಟಿಕ್. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು, ಕಡ್ಡಿ ಕೊಳೆಯುತ್ತದೆ. ಎರಡು ಮೂರು ದಿನದೊಳಗೆ ಕೈ ಸೇರಿ ಅಂದೇ ಕಟ್ಟಿದರೆ ಒಳ್ಳೆಯದು.

ಗಿಡ ನೆಡುವುದು ಮುಂದಿನ ವರ್ಷದ ಮಳೆಗೆ. ಜೋಡಿಸಿದ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಗಂಟಿನ ಕೆಳಗೆ ಬಂದ ಚಿಗುರನ್ನೆಲ್ಲ ಚಿವುಟಿ, ಅದು ಕಾಟು ಮಾವಿನದು. ಬೆಸೆದದ್ದು ಗಟ್ಟಿಯಾದ ಮೇಲೆ ಪಟ್ಟಿ ಬಿಚ್ಚುವುದನ್ನು ಮರೆಯಬೇಡಿ. ಬಿಟ್ಟರೆ ಕಾಂಡ ಅಲ್ಲಿ ಕತ್ತು ಹಿಸುಕಿದಂತಾಗಿ ಗಾಳಿಗೆ ಮುರಿಯುತ್ತದೆ. ಮೊದಲ ಮೂರು ವರ್ಷ ಹೂ ಬಂದರೆ ತೆಗೆದುಬಿಡಿ, ಗಿಡ ಬೆಳೆಯಲಿ.

ಆರಿದ್ರಾ ಮುಗಿಯುವ ಹೊತ್ತಿಗೆ ನಾನೇ ನಿಮ್ಮಲ್ಲಿಗೆ ಬಂದು ಕಟ್ಟಿ ತೋರಿಸುತ್ತೇನೆ ಅಕ್ಕ. ಸಸಿಯ ಎಲೆ ತಾಮ್ರದ ಬಣ್ಣಕ್ಕೆ ಬಂದ ದಿನ ಇಲ್ಲಿ ಒಂದು ಫೋಟೋ ಹಾಕಿ, ಆವತ್ತೇ ಹೊರಡುತ್ತೇನೆ. ಕುಡಿಯ ಎಲೆ ಕತ್ತರಿಸುವ ಕೆಲಸ ಮಾತ್ರ ಅದಕ್ಕೆ ಎಂಟು ದಿನ ಮೊದಲೇ ಆಗಿರಲಿ.